ಅಪ್ಪನಿಗೆ ಮಾತಿಲ್ಲದ ದೃಶ್ಯ

ಕಾಲೇಜಿನ ನಾಟಕ ತಂಡ ಬೆಳಿಗ್ಗೆಯೇ ಬಂಟ್ವಾಳಕ್ಕೆ ಹೋಗಿತ್ತು. ನನಗೆ ಪರೀಕ್ಷೆ ಇದ್ದುದರಿಂದ ಮಧ್ಯಾಹ್ನ ಮೂಡುಬಿದಿರೆಯಿಂದ ಒಬ್ಬನೇ ಬಸ್ಸು ಹತ್ತಿದೆ. ಸಂಜೆ ಪ್ರದರ್ಶನ. ನಮ್ಮೂರು ನೆರಿಯದಿಂದ ಮನೆಯವರು ಯಾರೂ ಬರುವವರಿರಲಿಲ್ಲ.

ಸುಮ್ಮನೆ ಗೊಣಗಿದರೆ ಜನ ಹುಚ್ಚ ಅಂದುಕೊಂಡಾರು ಎಂದು ಫೋನನ್ನು ಕಿವಿಗಿಟ್ಟು ನನ್ನ ಮಾತುಗಳನ್ನು ಅಭ್ಯಾಸ ಮಾಡುತ್ತಿದ್ದೆ. "ಅಪ್ಪಾ, ನಾನು ಬಂದಿದ್ದೇನೆ. ಒಮ್ಮೆ ಬಾಗಿಲು ತೆಗೆಯಿರಿ."

ಮೂರ್ನಾಲ್ಕು ಸಲ ಹೇಳಿದ ಮೇಲೆ ಪಕ್ಕದಲ್ಲಿದ್ದ ಹೆಂಗಸು ನನ್ನ ಕೈ ಹಿಡಿದರು. "ಅಪ್ಪ ಏನು ಹೇಳ್ತಾರೆ ಮಗಾ?"

ನಾಚಿಕೆಯಾಯಿತು. "ಇದು ನಾಟಕದ ಮಾತು ಅಮ್ಮಾ. ಫೋನಿನಲ್ಲಿ ಯಾರೂ ಇಲ್ಲ."

ಬೈಯುತ್ತಾರೆ ಅಂದುಕೊಂಡೆ. "ಇಷ್ಟು ಹೊತ್ತು ಒಬ್ಬನೇ ಮಾತಾಡಿದ್ದಾ ಮಾರಾಯ! ನನಗೆ ಹೇಳು, ನಾನು ಕೇಳ್ತೇನೆ" ಅಂದರು.

ಫೋನು ಕಿಸೆಗೆ ಹಾಕಿ ಅವರಿಗೇ ಹೇಳಿದೆ. ನಾಟಕದಲ್ಲಿ ಆ ಅಪ್ಪ ಉತ್ತರ ಕೊಡುವುದೇ ಇಲ್ಲ. ಇವರಿಗೆ ತಡೆಯಲಾಗಲಿಲ್ಲ. "ಬಾ ಮಗಾ, ಬಾಗಿಲು ಹಾಕಿಯೇ ಇಲ್ಲ. ಊಟ ಆಯ್ತಾ?" ಎಂದುಬಿಟ್ಟರು. ಬಂಟ್ವಾಳದವರೆಗೂ ಹೀಗೇ ನಡೆಯಿತು. ಇಳಿಯುವಾಗ ನಾಟಕಕ್ಕೆ ಕರೆದೆ. ನರಿಕೊಂಬಿನಲ್ಲಿ ಮಗಳಿಗೆ ಹುಷಾರಿಲ್ಲ, ಹೋಗಲೇಬೇಕು ಅಂದರು.

ಸಂಜೆ ರಂಗದ ಮೇಲೆ ಅದೇ ಮಾತು ಹೇಳಿದೆ. ಬಾಗಿಲಿನಾಚೆ ಸದ್ದಿಲ್ಲ. ಯಾರಾದರೂ ಏನಾದರೂ ಕೇಳಿಯಾರು ಎಂದು ಕಾಯುತ್ತಾ ನಿಂತುಬಿಟ್ಟೆ. ಮುಂದಿನ ಮಾತು ಮರೆತೇ ಹೋಗಿತ್ತು. ಕಡೆಗೆ ಪರದೆಯ ಹಿಂದಿನಿಂದ ಗೆಳೆಯ ಪಿಸುಗುಟ್ಟಬೇಕಾಯಿತು.

ನಾಟಕ ಮುಗಿದ ಮೇಲೆ ನಿರ್ದೇಶಕರು ಬೆನ್ನು ತಟ್ಟಿದರು. "ಆ ಮೌನ ಬಹಳ ಚೆಂದ ಬಂತು. ಇನ್ನು ಮುಂದೆ ಹಾಗೇ ಮಾಡು."

"ಮಾಡ್ತೇನೆ ಸರ್" ಅಂದೆ.