ಗ್ರಾಫಿಕ್ಸ್ ಮೇಡಂ ಬಗ್ಗೆ ನಾನು ಬರೆದ ಎರಡು ಪತ್ರಗಳು

ಹೋದ ವಾರ ಅಕ್ಕನ ಮಗಳಿಗೆಂದು ಚಿಂತಾಮಣಿಯ ಅಂಗಡಿಯೊಂದರಲ್ಲಿ ಗ್ರಾಫ್ ಹಾಳೆಗಳ ಪುಸ್ತಕ ಕೊಂಡೆ. ತೆರೆದ ಕೂಡಲೇ ಹೊಸ ಕಾಗದದ, ಹಸಿರು ಶಾಯಿಯ ವಾಸನೆ ಬಂತು. ಪಕ್ಕದಲ್ಲಿ ಯಾರೋ ಟೊಮೇಟೊ ಧಾರಣೆ ಮಾತಾಡುತ್ತಿದ್ದರು. ನನಗೆ ಗ್ರಾಫಿಕ್ಸ್ ಮೇಡಂ ನೆನಪಾದರು...

ನಾನು ಬಿ.ಸಿ.ಎ. ಕೊನೆಯ ವರ್ಷದಲ್ಲಿದ್ದಾಗ ಕಂಪ್ಯೂಟರ್ ಗ್ರಾಫಿಕ್ಸ್ ಕಲಿಸಲು ಅತಿಥಿ ಉಪನ್ಯಾಸಕಿಯಾಗಿ ಬಂದವರು ಅವರು. ಕೆಂಚಾರ್ಲಹಳ್ಳಿಯವರು. ಅವರ ಮನೆಯಲ್ಲಿ ಅಷ್ಟು ಓದಿದವರು ಬೇರೆ ಯಾರೂ ಇರಲಿಲ್ಲ. ನಮ್ಮ ಲ್ಯಾಬಿನಲ್ಲಿ ನಲವತ್ತು ಮಂದಿಗೆ ನಡೆಯುತ್ತಿದ್ದ ಕಂಪ್ಯೂಟರುಗಳು ಎರಡೇ, ಅವೂ ಕರೆಂಟಿದ್ದರೆ. ಮೊದಲ ದಿನವೇ ಅವರು ನಮ್ಮನ್ನು ವರಾಂಡಕ್ಕೆ ಕರೆದೊಯ್ದು ನೆಲದ ಟೈಲ್ಸ್ ತೋರಿಸಿದರು. ಒಬ್ಬಳನ್ನು ಈ ಮೂಲೆಯಲ್ಲಿ, ನನ್ನನ್ನು ಆ ಕಂಬದ ಹತ್ತಿರ ನಿಲ್ಲಿಸಿ, ನಡುವೆ ಗೆರೆ ಬರುವಂತೆ ಒಂದು ಟೈಲಿಗೆ ಒಬ್ಬರಂತೆ ನಿಲ್ಲಿ ಎಂದರು. ನಾವು ನಗುತ್ತಾ ಅಡ್ಡಾದಿಡ್ಡಿ ನಿಂತೆವು.

“ಕಂಪ್ಯೂಟರಿಗೆ ಗೆರೆ ಅನ್ನೋದೇ ಗೊತ್ತಿಲ್ಲ ಕಣಮ್ಮ,” ಎಂದರು. “ಅದಕ್ಕೆ ಗೊತ್ತಿರೋದು ಚುಕ್ಕಿ. ಮುಂದಿನ ಚುಕ್ಕಿ ಪಕ್ಕದ ಮನೇಲಿಡ್ಬೇಕಾ, ಮೇಲಿನ ಮನೇಲಿಡ್ಬೇಕಾ, ಅಷ್ಟೇ ಲೆಕ್ಕ.”

ಆಮೇಲೆಲ್ಲ ಗ್ರಾಫ್ ಹಾಳೆ, ಪೆನ್ಸಿಲ್ಲು. ಗೆರೆ, ವೃತ್ತ, ತ್ರಿಕೋನವನ್ನು ತಿರುಗಿಸುವುದು, ಒಂದೊಂದು ಚುಕ್ಕಿಯನ್ನೂ ನಾವೇ ಲೆಕ್ಕ ಹಾಕಿ ತುಂಬಬೇಕು. ಬೇರೆ ಕಾಲೇಜಿನ ಗೆಳತಿಯರು ತೆರೆಯ ಮೇಲೆ ಓಡುವ ಕಾರು, ಹಾರುವ ಗಾಳಿಪಟ ಮಾಡಿ ಫೋನಿನಲ್ಲಿ ಕಳಿಸುತ್ತಿದ್ದರು. ಪ್ರಾಯೋಗಿಕ ಪರೀಕ್ಷೆ ಹತ್ತಿರವಾಗುತ್ತಿತ್ತು. ನಮಗೆ ಕೀಬೋರ್ಡು ಮುಟ್ಟಲೂ ಸಿಕ್ಕಿರಲಿಲ್ಲ. ಹೆದರಿಕೆಯಾಯಿತು.

ಕಂಪ್ಯೂಟರ್ ರಿಪೇರಿ ಮಾಡಿಸಿ ಎಂದು ಪ್ರಿನ್ಸಿಪಾಲರಿಗೆ ಮನವಿ ಕೊಡಲು ಎಲ್ಲರೂ ತೀರ್ಮಾನಿಸಿದರು. ಬರೆಯುವ ಕೆಲಸ ನನಗೆ ಬಂತು. ಬರೀ ರಿಪೇರಿ ಎಂದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ ಎನ್ನಿಸಿ ನಾನೇ ಒಂದು ಸಾಲು ಸೇರಿಸಿದೆ: ಮೇಡಂಗೆ ವಿಷಯ ಸರಿಯಾಗಿ ತಿಳಿಯದ ಕಾರಣ ಪೆನ್ಸಿಲಿನಲ್ಲಿ ಕಾಲಹರಣ ಮಾಡುತ್ತಿದ್ದಾರೆ. ಅದು ಸುಳ್ಳೆಂದು ನನಗೆ ಗೊತ್ತಿತ್ತು. ಯಾರೂ ಓದದೆ ಸಹಿ ಹಾಕಿದರು.

ಕಂಪ್ಯೂಟರುಗಳು ರಿಪೇರಿಯಾಗಲಿಲ್ಲ. ಮೇಡಂಗೆ ಮಾತ್ರ ತಿಂಗಳ ಕೊನೆಗೆ ಕೆಲಸ ಬಿಡಬೇಕೆಂದು ಹೇಳಿದರು. ನಾನು ಪ್ರಿನ್ಸಿಪಾಲರ ಕೋಣೆಗೆ ಓಡಿ, ಆ ಸಾಲು ತಪ್ಪು, ಪತ್ರ ವಾಪಸ್ ಕೊಡಿ ಎಂದು ಬೇಡಿಕೊಂಡೆ. ಪತ್ರ ಮೇಲಿನ ಕಚೇರಿಗೆ ಹೋಗಿಯಾಗಿದೆ ಎಂದರು. ಅಲ್ಲಿಂದ ಬಸ್ ಸ್ಟ್ಯಾಂಡಿಗೆ ಓಡಿದೆ. ಊರಿನ ಬಸ್ಸಿಗಾಗಿ ಅವರು ಕಾಯುತ್ತಿದ್ದರು. ಬರೆದದ್ದು ನಾನೇ ಎಂದು ಹೇಳಲು ಬಾಯಿ ತೆರೆದೆ.

“ಗೊತ್ತು. ಪತ್ರ ತೋರಿಸಿದ್ರು,” ಎಂದರು. “ನಿನ್ನ ರೆಕಾರ್ಡ್ ಎಷ್ಟು ಸಲ ತಿದ್ದಿದೀನಿ. ನಿನ್ನ ಅಕ್ಷರ ಗೊತ್ತಾಗಲ್ವಾ ನಂಗೆ?”

ಬಯ್ಯಲಿಲ್ಲ. ಅಳು ನಿಲ್ಲಿಸು, ಜನ ನೋಡ್ತಾರೆ ಎಂದರು. ಬಸ್ ಹತ್ತುವ ಮುಂಚೆ, ಪಾಠ ಇನ್ನೂ ಉಳಿದಿದೆ, ಭಾನುವಾರ ಊರಿಗೆ ಬರುತ್ತೀರಾ ಎಂದು ಕೇಳಿದರು.

ಮೂರು ಭಾನುವಾರ ಹೋದೆವು, ಹನ್ನೊಂದು ಮಂದಿ. ಅವರ ಕೇರಿಯ ಸಮುದಾಯ ಭವನದಲ್ಲಿ, ಬುದ್ಧನ ಪಟದ ಕೆಳಗೆ, ಸೀಮೆಸುಣ್ಣದಿಂದ ನೆಲದ ತುಂಬ ಚೌಕ ಬರೆದು ಕಲಿಸಿದರು. ತಾಯಿ ಎಲ್ಲರಿಗೂ ಉಪ್ಪಿಟ್ಟು ಕೊಟ್ಟರು. ಆ ತಾಯಿಯ ಕೈಯಿಂದ ತಟ್ಟೆ ತೆಗೆದುಕೊಳ್ಳುವಾಗ ನನಗೆ ತಲೆ ಎತ್ತಲಾಗಲಿಲ್ಲ. ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ಪ್ರಶ್ನೆ ಕೇಳಿದರು. ಆ ಹನ್ನೊಂದು ಮಂದಿಯೂ ಉತ್ತರ ಹೇಳಿದೆವು. ಪಾಸಾದೆವು.

ಅವರಿಗೆ ಮಾತ್ರ ಎಲ್ಲೂ ಕೆಲಸ ಸಿಗಲಿಲ್ಲ. ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಬಾಗೇಪಲ್ಲಿ, ಹೋದಲ್ಲೆಲ್ಲ ಹಿಂದಿನ ಕಾಲೇಜಿನ ಅನುಭವ ಪತ್ರ ಕೇಳುತ್ತಿದ್ದರಂತೆ. ನಮ್ಮ ಕಾಲೇಜು ಅದನ್ನು ಕೊಟ್ಟಿರಲಿಲ್ಲ. ಒಂದು ಮಧ್ಯಾಹ್ನ ನನಗೆ ಫೋನ್ ಮಾಡಿದರು. ದನಿ ಸಣ್ಣದಾಗಿತ್ತು.

“ನೀವೆಲ್ಲ ಸೇರಿ ಒಂದು ಪತ್ರ ಬರ್ಕೊಡ್ತೀರೇನಮ್ಮ? ಪಾಠ ಚೆನ್ನಾಗ್ ಮಾಡಿದ್ರು ಅಂತ... ಅಷ್ಟೇ ಸಾಕು.”

ಆ ರಾತ್ರಿಯೇ ಬರೆಯಬಹುದಿತ್ತು. ಬರೆಯಲಿಲ್ಲ. ಎಂ.ಸಿ.ಎ. ಸೀಟು, ಹಾಸ್ಟೆಲ್ಲು ಎಂದು ಓಡಾಡಿದೆ. ಇವತ್ತು, ನಾಳೆ ಎನ್ನುತ್ತಾ ಐದು ತಿಂಗಳು ಹೋಯಿತು. ಕೊನೆಗೆ ಬರೆದು, ಊರೂರು ಸುತ್ತಿ ಇಪ್ಪತ್ತಾರು ಸಹಿ ಹಾಕಿಸಿ ಕೆಂಚಾರ್ಲಹಳ್ಳಿಗೆ ಹೋದರೆ, ಗೌರಿಬಿದನೂರಿನ ಗಾರ್ಮೆಂಟ್ಸಿಗೆ ಸೇರಿದ್ದಾಳೆ ಎಂದರು ತಾಯಿ.

ಗೌರಿಬಿದನೂರಿಗೆ ಹೋಗಿ ಫ್ಯಾಕ್ಟರಿಯ ಗೇಟಿನಲ್ಲಿ ಕಾದೆ. ಸಂಜೆ ಬಿಟ್ಟಾಗ ನೂರಾರು ಹೆಂಗಸರು ಹೊರಬಂದರು. ಎಲ್ಲರನ್ನೂ ತಡೆದು ನೋಡುವ ಹಾಗೆ ನೋಡಿದೆ, ತಪ್ಪಿಹೋದರೇನು ಗತಿ ಎಂದು. ಅವರೇ ನನ್ನನ್ನು ಗುರುತಿಸಿದರು. ತಲೆಗೂದಲಲ್ಲಿ ಬಟ್ಟೆಯ ನೂಲಿತ್ತು. ನಿಂತೇ ಪತ್ರ ಓದಿದರು, ಕೊನೆಯ ಸಹಿಯವರೆಗೆ.

“ಚೆನ್ನಾಗ್ ಬರ್ದಿದೀಯ,” ಎಂದರು. “ಆದ್ರೆ ಈಗ ಇದನ್ನ ಯಾರಿಗೆ ಕೊಡ್ಲಿ ನಾನು?”

ಮಡಚಿ ನನ್ನ ಕೈಗೇ ಕೊಟ್ಟರು. ರೂಮಿಗೆ ಹೋಗುವ ಆಟೋದಲ್ಲಿ ಇನ್ನೊಬ್ಬರಿಗೆ ಜಾಗ ಉಳಿದಿತ್ತು. ಹೋಗಿ ಹತ್ತಿದರು. ನಾನು ಅವರನ್ನು ನೋಡಿದ್ದು ಅದೇ ಕೊನೆ...

ಈಗ ನಾನೂ ಅತಿಥಿ ಉಪನ್ಯಾಸಕಿ. ಅದೇ ವಿಷಯ ಕಲಿಸುತ್ತೇನೆ. ಈ ವರ್ಷ ನನ್ನ ತರಗತಿಗೆ ಕೆಂಚಾರ್ಲಹಳ್ಳಿಯ ಹುಡುಗಿಯೊಬ್ಬಳು ಸೇರಿದ್ದಾಳೆ. ಗ್ರಾಫ್ ಪುಸ್ತಕ ಕೊಂಡ ಮರುದಿನ ಧೈರ್ಯ ಮಾಡಿ ಮೇಡಂ ಬಗ್ಗೆ ಅವಳನ್ನು ಕೇಳಿದೆ. ಸಮುದಾಯ ಭವನದ ಹತ್ತಿರದ ಮನೆ ಎಂದಾಗ ಅವಳಿಗೆ ಗೊತ್ತಾಯಿತು.

“ಗಾರ್ಮೆಂಟ್ಸ್ ಅಕ್ಕನಾ ಮಿಸ್? ಅವ್ರು ತೀರ್ಕೊಂಡು ಎರಡು ವರ್ಷ ಆಯ್ತು. ಕಾಮಾಲೆ ಆಗಿತ್ತು.” ಆಮೇಲೆ ಕೇಳಿದಳು, “ನಿಮಗೆ ಹೆಂಗ್ ಗೊತ್ತು ಅವ್ರು?”

ನನಗೆ ಪಾಠ ಮಾಡಿದವರು ಎಂದೆ. ಆ ಅಕ್ಕ ಪಾಠ ಮಾಡುತ್ತಿದ್ದರೆಂದು ಊರಲ್ಲಿ ಯಾರೂ ಅವಳಿಗೆ ಹೇಳಿರಲಿಲ್ಲ. ಏನು ಪಾಠ, ಯಾಕೆ ಬಿಟ್ಟರು ಎಂದು ಕೇಳಿದಳು. ಮೊದಲನೆಯದಕ್ಕೆ ಮಾತ್ರ ಉತ್ತರ ಹೇಳಿದೆ.