ಮಾಸ್ತರರು ಬಿಡಿಸಿದ ಕಬೋರ್ಡ್

ಖಾಸಬಾಗದ ಗುರುಪುತ್ರಪ್ಪ ಮಾಸ್ತರರು ಖಾನಾಪುರದ ಒಂದು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದರು, ಒಮ್ಮೆಯೂ ಬೆತ್ತ ಹಿಡಿಯಲಿಲ್ಲ. ಇದನ್ನು ಅವರೇ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ಬೆತ್ತದ ಕೆಲಸವನ್ನು ಅವರ ನಾಲಿಗೆ ಮಾಡುತ್ತಿತ್ತು ಎಂಬುದನ್ನು ಮಾತ್ರ ಯಾರೂ ಅವರಿಗೆ ಹೇಳಲಿಲ್ಲ.

ದಿನಕ್ಕೊಂದು ಜೋಡುಪದ ಬಿಡಿಸುವುದು ಅವರ ಪಾಠದ ರೂಢಿ. ಒಂದು ದಿನ ಕಬೋರ್ಡ್ ಎಂದು ಬರೆದು, ಈ ಪದ ಹೇಗೆ ಹುಟ್ಟಿತು ಎಂದು ಕೇಳಿದರು. ಗುಂಜಿಯಿಂದ ರೈಲಿನಲ್ಲಿ ಬರುತ್ತಿದ್ದ ಮಾಯಕ್ಕ ಎದ್ದು ನಿಂತು, ಬೋರ್ಡ್ ಎಂದರೆ ಹಲಗೆ, ಅಂದರೆ ಕಪ್ ಬಸಿ ಇಡುವ ಹಲಗೆ, ತಮ್ಮ ಅಡುಗೆಮನೆಯ ಗೋಡೆಗೂ ಒಂದು ಇದೆ ಎಂದಳು. ಮಾಸ್ತರರಿಗೂ ಉತ್ತರ ಖಚಿತವಾಗಿ ಗೊತ್ತಿರಲಿಲ್ಲ. ಅದನ್ನು ಒಪ್ಪಿಕೊಳ್ಳುವ ಬದಲು, ಬಾಗಿಲಿಲ್ಲದ್ದು ಕಬೋರ್ಡ್ ಹೇಗಾದೀತು, ಇಂಗ್ಲಿಷರು ನಿಮ್ಮ ಮನೆಗೆ ಬಂದು ಹಲಗೆ ನೋಡಿ ಹೋದರೇನು ಎಂದು ಗೇಲಿ ಮಾಡಿದರು. ಮಕ್ಕಳು ಬಿದ್ದು ಬಿದ್ದು ನಕ್ಕರು. ಅಂದಿನಿಂದ ಅವಳು ಎಲ್ಲರ ಬಾಯಲ್ಲಿ ಹಲಗಿ ಮಾಯಕ್ಕ ಆದಳು. ಮತ್ತೆಂದೂ ತರಗತಿಯಲ್ಲಿ ಉತ್ತರ ಹೇಳಲಿಲ್ಲ. ಹತ್ತನೆಯದರಲ್ಲಿ ಇಂಗ್ಲಿಷಿನಲ್ಲೇ ನಪಾಸಾಗಿ ಓದು ಬಿಟ್ಟಳು.

ನಿವೃತ್ತಿಯ ಮೇಲೆ ಹೊತ್ತು ಹೋಗದ ಮಾಸ್ತರರು ಹಳೆಯ ಪುಸ್ತಕದಂಗಡಿಯಲ್ಲಿ ಪದಗಳ ಹುಟ್ಟು ಹೇಳುವ ನಿಘಂಟೊಂದನ್ನು ಕೊಂಡರು. ಕಬೋರ್ಡ್ ಎಂದರೆ ಮೊದಲು ಕಪ್‌ಗಳನ್ನು ಜೋಡಿಸಿಡುವ ಬರೀ ಹಲಗೆ ಎಂದು ಅದರಲ್ಲಿತ್ತು. ಬಾಗಿಲು ಬಂದದ್ದು ಆಮೇಲೆ. ಹುಡುಗಿ ಹೇಳಿದ್ದೇ ನಿಜ! ಅಂದು ಮಾಸ್ತರರಿಗೆ ಊಟ ಸೇರಲಿಲ್ಲ. ಇಪ್ಪತ್ತೈದು ವರ್ಷದ ಹಿಂದಿನ ಮಾತು ಯಾರಿಗೆ ನೆನಪಿರುತ್ತದೆ ಎಂದು ಹೆಂಡತಿ ನಿಂಗವ್ವ ಸಮಾಧಾನ ಹೇಳಿದಳು. ಇವರಿಗಂತೂ ನೆನಪಿತ್ತಲ್ಲ. ತಪ್ಪು ಒಪ್ಪಿಕೊಂಡು ಬಂದರೆ ಮನಸ್ಸು ಹಗುರಾದೀತೆಂಬ ಆಸೆಯಿಂದ, ನಿಘಂಟನ್ನು ಚೀಲಕ್ಕೆ ಹಾಕಿಕೊಂಡು ಗುಂಜಿಯ ರೈಲು ಹತ್ತಿದರು.

ಮಾಯಕ್ಕ ಗುಂಜಿಯ ಅಂಗನವಾಡಿಯಲ್ಲಿ ಅಡುಗೆ ಮಾಡುತ್ತಿದ್ದಳು. ಗುರುತು ಹಿಡಿದವಳೇ ಸೆರಗಿಗೆ ಕೈ ಒರೆಸಿಕೊಂಡು ಬಂದು ಕಾಲು ಮುಟ್ಟಿದಳು. ಮಾಸ್ತರರು ನಿಂತಲ್ಲೇ ಪುಟ ತೆರೆದು ತೋರಿಸಿದರು.

“ಆವತ್ತ ನೀ ಹೇಳಿದ್ದ ಬರೋಬರಿ ಇತ್ತವ್ವ. ತಪ್ಪು ನಂದು.”

ಅವಳು ಆ ಸಾಲಿಗೆ ಬೆರಳಿಟ್ಟು ಓದಿದಳು. ಸಿಟ್ಟು ಮಾಡಲಿಲ್ಲ, ಮಗಳ ಮಾತು ತೆಗೆದಳು. ಅವಳ ಮಗಳು ಸಮೃದ್ಧಿ ಈಗ ಅದೇ ಹೈಸ್ಕೂಲಿಗೆ ಹೋಗುತ್ತಿದ್ದಳಂತೆ. ಬಲು ಜಾಣೆ, ಬರೆದರೆ ಮೊದಲ ನಂಬರು, ಆದರೆ ತರಗತಿಯಲ್ಲಿ ತುಟಿ ಬಿಚ್ಚುವುದಿಲ್ಲ ಎಂದು ಟೀಚರು ಹೇಳಿ ಕಳಿಸಿದ್ದರಂತೆ.

“ನಾನ ಹೇಳೇನ್ರಿ ಅಕಿಗೆ, ಗೊತ್ತಿದ್ರೂ ಸುಮ್ಮನ ಕುಂದರು, ನಗ್ತಾರ ಅಂತ,” ಎಂದಳು ಮಾಯಕ್ಕ. “ಸಣ್ಣಾಕಿ ಇದ್ದಾಗಿಂದ ಹೇಳ್ಕೋತ ಬಂದೇನ್ರಿ ಸರ್. ಈಗ ಅಕಿಗೆ ಏನಂತ ಹೇಳ್ಲಿ?”