ಯಾವಾಗ ಬಂದರೆ ಅನುಕೂಲ
ನಮ್ಮತ್ತಿಗೆ ಈ ಪರದೇಶದ ಆಸ್ಪತ್ರೆಯೊಂದರಲ್ಲಿ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಮಾಡುವ ಕೆಲಸದಲ್ಲಿದ್ದಾಳೆ. ಹಬೆ ತಾಗಿ ತಾಗಿ ಎರಡೂ ಮುಂಗೈ ಕೆಂಪಗಾಗಿವೆ. ಬಾಯಿ ಜೋರು. ಅವಳಿದ್ದ ಕಡೆ ಮೈಕು ದಂಡ ಎಂದು ಅಣ್ಣ ರೇಗಿಸುತ್ತಾನೆ. ನಾನು ಅವರ ಜೊತೆಯಲ್ಲೇ ಇರುವವನು.

ಇಲ್ಲಿ ನಮ್ಮ ಭಾಷೆಯವರ ಗುಂಪೊಂದಿದೆ. ಅದರಲ್ಲಿರುವ ಅಕೌಂಟೆಂಟರ ತಾಯಿ ಊರಲ್ಲಿ ತೀರಿಕೊಂಡಾಗ ಅತ್ತಿಗೆ ಕೆಲಸದ ಅಂಗಿಯಲ್ಲೇ ಎರಡು ಬಸ್ಸು ಬದಲಿಸಿ ಅವರ ಮನೆಗೆ ಓಡಿದ್ದಳು. ಮಾರನೆಯ ದಿನ ಅನ್ನ ಮಾಡಿಕೊಂಡು ಹೋಗಿ, ಬೇಡವೆಂದವರ ಕೈಗೆ ತಟ್ಟೆ ಕೊಟ್ಟಿದ್ದಳು. ಹಲ್ಲಿನ ಡಾಕ್ಟರ ಮಾವ ಹೋದಾಗಲೂ ಅಷ್ಟೇ. ಹೇಳಿಕಳಿಸಲಿ ಎಂದು ಅವಳು ಕಾಯಲಿಲ್ಲ.

ಈಗ ಅವಳ ಅಪ್ಪ ಹೋದರು. ವೀಸಾ ನವೀಕರಣಕ್ಕೆಂದು ಕೊಟ್ಟಿದ್ದ ಅವಳ ಪಾಸ್‌ಪೋರ್ಟು ಕಚೇರಿಯಲ್ಲಿ ಸಿಕ್ಕಿಕೊಂಡಿತ್ತು, ಹೊರಡುವ ಹಾಗಿರಲಿಲ್ಲ. ಅಪ್ಪನ ಮುಖವನ್ನು ಫೋನಿನಲ್ಲಿ ನೋಡಿದಳು. ಆಮೇಲೆ ಹಾಲಿನಲ್ಲಿದ್ದ ಮೇಜನ್ನು ಗೋಡೆಗೆ ಸರಿಸಿ, ನೆಲಕ್ಕೆ ಜಮಖಾನ ಹಾಸಿ, ಬಾಗಿಲ ಕಡೆ ಮುಖ ಮಾಡಿ ಕುಳಿತಳು.

ಯಾರೂ ಬರಲಿಲ್ಲ. ಫೋನಿಗೆ ಮಾತ್ರ ಕೈ ಮುಗಿದ ಚಿತ್ರಗಳು ಬಂದವು. ಅಕೌಂಟೆಂಟರ ಹೆಂಡತಿ, "ಯಾವಾಗ ಬಂದ್ರೆ ಅನುಕೂಲ ಹೇಳಿ, ಸುಮ್ನೆ ತೊಂದ್ರೆ ಕೊಡಬಾರ್ದು" ಎಂದು ಬರೆದಿದ್ದರು. ಡಾಕ್ಟರೂ ಅದನ್ನೇ ಕೇಳಿದರು. ಓದಿ ನನಗೆ ಮೈಯೆಲ್ಲ ಉರಿಯಿತು. ಈ ಊರಿನವರು ಒಂದು ಲೋಟ ಕಾಫಿಗೂ ಮೂರು ವಾರ ಮೊದಲೇ ದಿನ ಗೊತ್ತುಮಾಡುತ್ತಾರೆ, ಅದು ಅವರ ರೀತಿ. ನಮ್ಮವರಿಗೆ ಏನು ದೊಡ್ಡ ರೋಗ?

"ಭಾನುವಾರ ಬನ್ನಿ ಅಂತ ಒಂದು ಮಾತು ಹೇಳ್ಬಿಡೇ" ಎಂದ ಅಣ್ಣ.

"ಸಾವಿನ ಮನೆಗೆ ಯಾರಾದ್ರೂ ಬನ್ನಿ ಅಂತ ಕರೀತಾರೇನ್ರೀ? ಮದುವೇನಾ ಇದು? ಬರೋರು ಬರ್ತಾರೆ."

ಮೂರು ದಿನ ಹೀಗೇ ಬಾಗಿಲು ನೋಡುತ್ತ ಕುಳಿತಳು. ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾದರೆ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಸದ್ದು ಮೇಲಿನ ಮಹಡಿಗೆ ಹೋಗುತ್ತಿತ್ತು. ಅದನ್ನು ನೋಡಲಾರದೆ ಅಣ್ಣ ಅವಳಿಗೆ ತಿಳಿಯದ ಹಾಗೆ ಗುಂಪಿಗೆ ಬರೆದುಬಿಟ್ಟ: ಭಾನುವಾರ ನಾಲ್ಕಕ್ಕೆ ಬನ್ನಿ.

ಭಾನುವಾರ ಸರಿಯಾಗಿ ನಾಲ್ಕಕ್ಕೆ ಎಲ್ಲರೂ ಒಟ್ಟಿಗೆ ಬಂದರು. ಅತ್ತಿಗೆ ಅಕೌಂಟೆಂಟರ ಹೆಂಡತಿಯನ್ನು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಕೊನೆಗೂ ಬಂದರಲ್ಲ ಎಂದು ನನಗೂ ಸಮಾಧಾನವಾಯಿತು. ಆ ಮಹಾತಾಯಿ ಅವಳ ಬೆನ್ನು ತಟ್ಟುತ್ತ, "ನಿಮ್ಮೆಜಮಾನ್ರು ಟೈಮ್ ಹೇಳಿದ್ದು ಒಳ್ಳೇದಾಯ್ತು, ಆರು ಗಂಟೆಗೆ ಇನ್ನೊಂದು ಕಡೆ ಹೋಗೋದಿತ್ತು" ಎಂದರು.

ಅತ್ತಿಗೆ ಕೈ ಬಿಡಿಸಿಕೊಂಡು ಅಣ್ಣನನ್ನು ನೋಡಿದಳು. ಅವನು ತಲೆ ತಗ್ಗಿಸಿದ. ಅವಳು ಕಣ್ಣೊರೆಸಿಕೊಂಡು ಒಳಗೆ ಹೋದಳು.

ಬಂದವರು ಜಮಖಾನದ ಮೇಲೆ ಕುಳಿತು ಕಾರು ನಿಲ್ಲಿಸಲು ಜಾಗ ಸಿಗದ ಕಥೆ ಶುರುಮಾಡಿದರು. ಡಾಕ್ಟರು ಯಾವುದಕ್ಕೋ ನಕ್ಕರು. ಅಷ್ಟರಲ್ಲಿ ಒಳಗೆ ಕುಕ್ಕರ್ ಕೂಗಿತು. ನಗು ನಿಂತಿತು.

ಅತ್ತಿಗೆ ತಟ್ಟೆಗಳನ್ನು ತಂದು ಒಬ್ಬೊಬ್ಬರ ಮುಂದೆ ಇಟ್ಟಳು.

"ಅಯ್ಯೋ, ಏನಿದು? ಸೂತಕದ ಮನೇಲಿ..." ಎಂದರು ಅಕೌಂಟೆಂಟರು.

"ಕರೆಸ್ಕೊಂಡು ಬಂದಿದ್ದೀರಲ್ಲ. ಕರೆದ ಮೇಲೆ ನೆಂಟ್ರು. ನೆಂಟ್ರನ್ನ ಉಪವಾಸ ಕಳಿಸಿದ್ರೆ ನಮ್ಮಪ್ಪ ಸುಮ್ನಿರ್ತಿರ್ಲಿಲ್ಲ. ಊಟ ಮಾಡಿ."

ಯಾರಿಗೂ ಏಳುವ ಧೈರ್ಯವಾಗಲಿಲ್ಲ. ಬಿಸಿ ಅನ್ನ ಬಡಿಸುತ್ತ ಹೋದಳು. ಡಾಕ್ಟರು ಒಂದು ತುತ್ತು ಬಾಯಿಗಿಟ್ಟುಕೊಂಡು ನುಂಗಲಾರದೆ ಕುಳಿತರು. ನನಗಂತೂ ಅವರ ಮೇಲೆ ಎಳ್ಳಷ್ಟೂ ಕನಿಕರ ಬರಲಿಲ್ಲ.

ಅಣ್ಣ ಬಾಗಿಲ ಬಳಿ ನಿಂತೇ ಇದ್ದ. ಅತ್ತಿಗೆ ಇನ್ನೊಂದು ತಟ್ಟೆ ತಂದಳು.

"ನೀವೂ ಕೂತ್ಕೊಳ್ಳಿ. ಕರೆದೋರು ನೀವೇ ತಾನೆ."

ಅವನು ಕುಳಿತ. ಸಾಕು, ಸಾಕು ಎನ್ನುತ್ತಿದ್ದರೂ ಅವಳು ಬಡಿಸುತ್ತಲೇ ಇದ್ದಳು.